ಫಾರಿನ್‌ಗೆ ಹೊರಟಾಗ ಬಿಪಿ, ಶುಗರ್ ವಿಷಯ ವಿಮೆಯವರಿಗೆ ಹೇಳಬೇಕೇ?

ಮಕ್ಕಳ ಮನೆಗೆ, ಯುರೋಪ್ ಟೂರ್‌ಗೆ ಹೊರಟವರಿಂದ ಈ ಸಲ ಬಂದಿರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಗೊಂದಲದವು: ಮೊದಲೇ ಇರುವ ಕಾಯಿಲೆಯನ್ನು ಪ್ರಯಾಣ ವಿಮೆಯ ಫಾರಂನಲ್ಲಿ ಬರೆಯಬೇಕೇ, ಬರೆದರೆ ಏನಾಗುತ್ತದೆ, ಬಿಟ್ಟರೆ ಏನಾಗುತ್ತದೆ. ಆಯ್ದ ಐದಕ್ಕೆ ಇಲ್ಲಿ ಉತ್ತರವಿದೆ.

ಅಪ್ಪನಿಗೆ 68 ವರ್ಷ. ಹನ್ನೆರಡು ವರ್ಷದಿಂದ ಶುಗರ್, ಜೊತೆಗೆ ಬಿಪಿ. 2021ರಲ್ಲಿ ಜಯದೇವದಲ್ಲಿ ಒಂದು ಸ್ಟೆಂಟ್ ಹಾಕಿದ್ದಾರೆ. ಈಗ ಚೆನ್ನಾಗಿದ್ದಾರೆ, ದಿನಾ ಕುಕ್ಕರಹಳ್ಳಿ ಕೆರೆ ಸುತ್ತುತ್ತಾರೆ. ನಾಲ್ಕು ತಿಂಗಳಿಗೆ ನ್ಯೂಜೆರ್ಸಿಯ ಅಣ್ಣನ ಮನೆಗೆ ಹೊರಟಿದ್ದಾರೆ. ಕಾಯಿಲೆ ಬರೆದರೆ ಪ್ರೀಮಿಯಂ ಜಾಸ್ತಿ, ಬರೆದರೂ ಆ ಕಾಯಿಲೆಗೆ ದುಡ್ಡು ಕೊಡುವುದಿಲ್ಲ ಅನ್ನುತ್ತಾರೆ. ಮತ್ತೆ ಬರೆದು ಏನು ಪ್ರಯೋಜನ?
— ಕುವೆಂಪುನಗರ, ಮೈಸೂರು

‘ಬರೆದರೂ ಕೊಡುವುದಿಲ್ಲ’ ಎನ್ನುವುದು ಅರ್ಧ ನಿಜ. ಅದಕ್ಕೆ ಆಮೇಲೆ ಬರೋಣ. ಮೊದಲು, ಬರೆಯದಿದ್ದರೆ ಅದು ಹೇಗೆ ಹೊರಗೆ ಬರುತ್ತದೆ ಎಂಬುದು ಗೊತ್ತಿರಲಿ. ವಿಮೆಯವರು ಮೈಸೂರಿಗೆ ಬಂದು ವಿಚಾರಿಸಬೇಕಿಲ್ಲ. ಅಲ್ಲಿ ಎದೆ ನೋವೆಂದು ಎಮರ್ಜೆನ್ಸಿಗೆ ಕರೆದುಕೊಂಡು ಹೋದ ತಕ್ಷಣ ನರ್ಸ್ ಕೇಳುವುದೇ ಇದನ್ನು: ಶುಗರ್ ಇದೆಯೇ, ಎಷ್ಟು ವರ್ಷದಿಂದ, ಯಾವ ಮಾತ್ರೆ, ಹಿಂದೆ ಹೃದಯಕ್ಕೆ ಏನಾದರೂ ಮಾಡಿಸಿದ್ದೀರಾ. ಅಪ್ಪ ನಿಜವನ್ನೇ ಹೇಳುತ್ತಾರೆ, ಹೇಳಲೇಬೇಕು, ಜೀವದ ಪ್ರಶ್ನೆ. ‘ಹನ್ನೆರಡು ವರ್ಷದಿಂದ ಮಧುಮೇಹ, ಹಿಂದೆ ಆಂಜಿಯೋಪ್ಲಾಸ್ಟಿ’ ಎಂದು ಅದು ಕೇಸ್ ಶೀಟ್‌ನ ಮೊದಲ ಪುಟದಲ್ಲೇ ದಾಖಲಾಗುತ್ತದೆ. ಬಿಲ್ಲಿನ ಜೊತೆ ವಿಮೆ ಕಂಪನಿಗೆ ಹೋಗುವುದು ಅದೇ ಹಾಳೆ. ಫಾರಂನಲ್ಲಿ ‘ಇಲ್ಲ’, ಕೇಸ್ ಶೀಟ್‌ನಲ್ಲಿ ‘ಇದೆ’. ಕಂಪನಿಗೆ ಬೇರೆ ಸಾಕ್ಷಿ ಏಕೆ ಬೇಕು?

ಇನ್ನೊಂದು ವಿಷಯ. ಮನೆಯ ಆರೋಗ್ಯ ವಿಮೆಗೂ ಇದಕ್ಕೂ ವ್ಯತ್ಯಾಸವಿದೆ. ಆರೋಗ್ಯ ವಿಮೆಯಲ್ಲಿ ಬರೆದ ಕಾಯಿಲೆಗೆ ಹೆಚ್ಚೆಂದರೆ 3 ವರ್ಷ ಕಾದರೆ ರಕ್ಷಣೆ ಸಿಗುತ್ತದೆ. ಸತತ 60 ತಿಂಗಳು ಪಾಲಿಸಿ ನಡೆದ ಮೇಲೆ, ವಂಚನೆ ಸಾಬೀತಾದರೆ ಹೊರತು, ‘ಮುಚ್ಚಿಟ್ಟಿರಿ’ ಎಂದು ಕ್ಲೇಮ್ ನಿರಾಕರಿಸುವಂತಿಲ್ಲ. ನಾಲ್ಕು ತಿಂಗಳ ಪ್ರಯಾಣ ಪಾಲಿಸಿಯಲ್ಲಿ ಅಂಥ ಕಾಯುವಿಕೆಗೆ ಜಾಗವೇ ಇಲ್ಲ. ಮೊದಲ ದಿನ ಬರೆದದ್ದೇ ಕೊನೆಯ ದಿನದವರೆಗೂ ಲೆಕ್ಕ.

ಈಗ ಆ ಅರ್ಧ ನಿಜ. ಮೊದಲೇ ಇರುವ ಕಾಯಿಲೆಯ ವಿಷಯದಲ್ಲಿ ಪಾಲಿಸಿಗಳು ಮೂರು ಥರ. ಕೆಲವು ಪೂರ್ತಿ ಹೊರಗಿಡುತ್ತವೆ: ಆ ಕಾಯಿಲೆಯಿಂದ ಏನಾದರೂ ಆದರೆ ಒಂದು ಡಾಲರೂ ಇಲ್ಲ. ಕೆಲವು ಜೀವಕ್ಕೆ ಅಪಾಯವಾದ ತುರ್ತು ಸ್ಥಿತಿಗೆ ಮಾತ್ರ, ರೋಗಿಯ ಸ್ಥಿತಿ ಒಂದು ಹದಕ್ಕೆ ಬರುವ ತನಕ, ಒಂದು ಮಿತಿಯೊಳಗೆ ಕೊಡುತ್ತವೆ. ಇನ್ನು ಕೆಲವು, ಬರೆದ ಕಾಯಿಲೆಯನ್ನು ಪರಿಶೀಲಿಸಿ, ಹೆಚ್ಚಿನ ಪ್ರೀಮಿಯಂ ಪಡೆದು ಒಪ್ಪಿಕೊಳ್ಳುತ್ತವೆ. ಅಪ್ಪನಿಗೆ ಬೇಕಾದದ್ದು ಎರಡನೆಯದು ಅಥವಾ ಮೂರನೆಯದು. ಎರಡನೆಯದರಲ್ಲಿ ದೊಡ್ಡಕ್ಷರದ ಮೊತ್ತ ನೋಡಿ ಮೋಸ ಹೋಗಬೇಡಿ. ‘1 ಲಕ್ಷ ಡಾಲರ್’ ಎಂದು ಮೇಲೆ ಬರೆದಿದ್ದರೂ ಮೊದಲೇ ಇರುವ ಕಾಯಿಲೆಗೆ ಅದರಲ್ಲಿ ಸಣ್ಣ ಪಾಲು ಮಾತ್ರ ಇರಬಹುದು. ಅರವತ್ತು ದಾಟಿದವರಿಗೆ ರೂಮಿಗೆ ಇಷ್ಟು, ಸರ್ಜನ್‌ಗೆ ಇಷ್ಟು, ಆಂಬುಲೆನ್ಸ್‌ಗೆ ಇಷ್ಟು ಎಂಬ ಒಳಮಿತಿಗಳೂ ಇರುತ್ತವೆ. ಅಮೆರಿಕದ ಆಸ್ಪತ್ರೆ ಬಿಲ್ಲಿನ ಮುಂದೆ ಅವು ಯಾವ ಮೂಲೆಗೂ ಸಾಲುವುದಿಲ್ಲ. ಪ್ರೀಮಿಯಂನಲ್ಲಿ ಉಳಿಸುವ ನಾಲ್ಕು ಕಾಸಿಗಿಂತ ಒಳಮಿತಿ ಇಲ್ಲದ ಪ್ಲಾನ್ ಹುಡುಕುವುದೇ ಜಾಣತನ.

ಅಣ್ಣ ಅಲ್ಲಿಂದಲೇ ಅಮೆರಿಕದ ವಿಸಿಟರ್ ಪಾಲಿಸಿ ಕೊಳ್ಳುತ್ತೇನೆ ಎನ್ನಬಹುದು. ಅದರಲ್ಲಿ ‘ಅಕ್ಯೂಟ್ ಆನ್‌ಸೆಟ್’ ಎಂಬ ಪದ ಹುಡುಕಲು ಹೇಳಿ. ಹಳೆಯ ಕಾಯಿಲೆ ಯಾವ ಮುನ್ಸೂಚನೆಯೂ ಇಲ್ಲದೆ ದಿಢೀರ್ ಕೆರಳಿದರೆ ಮಾತ್ರ ರಕ್ಷಣೆ, ಅದೂ ಪಾಲಿಸಿ ಹೇಳಿದ ಗಂಟೆಗಳೊಳಗೆ, ಸಾಮಾನ್ಯವಾಗಿ 24 ಗಂಟೆಯೊಳಗೆ, ಚಿಕಿತ್ಸೆ ಪಡೆದಿರಬೇಕು. ಮೂರು ದಿನದಿಂದ ಎದೆ ಭಾರ ಎಂದು ಶುಂಠಿ ಕಷಾಯ ಕುಡಿದುಕೊಂಡಿದ್ದು ನಾಲ್ಕನೇ ದಿನ ಹೋದರೆ ‘ದಿಢೀರ್’ ಅನ್ನುವುದು ಬಿದ್ದುಹೋಗುತ್ತದೆ. ಇದಕ್ಕೆ ವಯಸ್ಸಿನ ಮಿತಿಯೂ ಉಂಟು. ಅನೇಕ ಪ್ಲಾನ್‌ಗಳಲ್ಲಿ 70 ದಾಟಿದರೆ ಮೊತ್ತ ತೀರಾ ಇಳಿಯುತ್ತದೆ.

ಬರೆಯುವುದು ಹೇಗೆ? ಬರೀ ‘ಶುಗರ್, ಬಿಪಿ’ ಎಂದು ಬರೆದರೆ ಅರ್ಧ ಬರೆದಂತೆ. ಹೀಗಿರಲಿ:

‘ಟೈಪ್ 2 ಮಧುಮೇಹ, 12 ವರ್ಷದಿಂದ. ಮೆಟ್‌ಫಾರ್ಮಿನ್ 500 ಮಿ.ಗ್ರಾಂ., ದಿನಕ್ಕೆ ಎರಡು. ಇನ್ಸುಲಿನ್ ಇಲ್ಲ. ಇತ್ತೀಚಿನ ಎಚ್‌ಬಿಎ1ಸಿ 7.1. ರಕ್ತದೊತ್ತಡ, ಟೆಲ್ಮಿಸಾರ್ಟನ್ 40 ಮಿ.ಗ್ರಾಂ., ದಿನಕ್ಕೆ ಒಂದು. 2021ರಲ್ಲಿ ಆಂಜಿಯೋಪ್ಲಾಸ್ಟಿ, ಒಂದು ಸ್ಟೆಂಟ್. ಈಗ ಆಸ್ಪಿರಿನ್ 75, ಅಟೊರ್‌ವಾಸ್ಟಾಟಿನ್ 20. ಅನಂತರ ಎದೆ ನೋವಿಗೆ ಆಸ್ಪತ್ರೆ ಸೇರಿಲ್ಲ. ಕಳೆದ ಎಕೋ ವರದಿ ಲಗತ್ತಿಸಿದೆ.’

ಮಾತ್ರೆ, ಡೋಸ್, ಅಂಕಿಗಳನ್ನು ಅಪ್ಪನ ಚೀಟಿ ನೋಡಿಯೇ ತುಂಬಿ. ಜಯದೇವದ ಡಿಸ್ಚಾರ್ಜ್ ಸಮ್ಮರಿಯನ್ನು ಸ್ಕ್ಯಾನ್ ಮಾಡಿ ಸೇರಿಸಿ. ಕೊಲೆಸ್ಟರಾಲ್ ಮಾತ್ರೆಯನ್ನು ‘ಅದೇನು ಕಾಯಿಲೆಯೇ’ ಎಂದು ಬಿಡುವವರೇ ಹೆಚ್ಚು. ಬಿಡಬೇಡಿ, ಕಾರಣ ಕೊನೆಯ ಉತ್ತರದಲ್ಲಿದೆ.

ಇಷ್ಟು ಮಾಡಿದರೂ ಕೆಲಸ ಮುಗಿಯಲಿಲ್ಲ. ಪಾಲಿಸಿ ಬಂದ ದಿನವೇ ಅದರ ವಿವರಪಟ್ಟಿ, ಅಂದರೆ ಷೆಡ್ಯೂಲ್, ಬಿಡಿಸಿ, ನೀವು ಹೇಳಿದ ಕಾಯಿಲೆಗಳು ಹೆಸರು ಸಮೇತ ಅಲ್ಲಿ ಅಚ್ಚಾಗಿವೆಯೇ, ಪಕ್ಕದಲ್ಲಿ ‘ಸೇರಿದೆ’ ಎಂದಿದೆಯೋ ‘ಹೊರಗಿಟ್ಟಿದೆ’ ಎಂದಿದೆಯೋ ನೋಡಿ. ಏಜೆಂಟ್ ಬಾಯಲ್ಲಿ ‘ಎಲ್ಲಾ ಕವರ್ ಆಗುತ್ತೆ ಸಾರ್’ ಎಂದದ್ದು ಕ್ಲೇಮ್ ವೇಳೆ ಲೆಕ್ಕಕ್ಕಿಲ್ಲ. ಬಾಯಿಮಾತಿಗೆ ಬಾಯಿಮಾತು, ಕಾಗದಕ್ಕೆ ಕಾಗದ.

ನಾಲ್ಕು ತಿಂಗಳು ಐದಾಗುವ ಸಾಧ್ಯತೆ ಇದ್ದರೆ ಈಗಲೇ ಐದು ತಿಂಗಳಿಗೆ ತೆಗೆದುಕೊಳ್ಳಿ. ಅಲ್ಲಿಂದ ವಿಸ್ತರಿಸುವಾಗ ಮತ್ತೆ ‘ಆರೋಗ್ಯ ಚೆನ್ನಾಗಿದೆ’ ಎಂದು ಬರೆದುಕೊಡಬೇಕು. ಮೊದಲ ಅವಧಿಯಲ್ಲಿ ಏನಾದರೂ ಚಿಕಿತ್ಸೆ ಆಗಿದ್ದರೆ, ವಿಸ್ತರಿಸಿದ ಅವಧಿಗೆ ಅದೂ ‘ಮೊದಲೇ ಇದ್ದ ಕಾಯಿಲೆ’ ಆಗುತ್ತದೆ. ದಿನನಿತ್ಯದ ಮಾತ್ರೆ, ಮಾಮೂಲಿ ರಕ್ತ ಪರೀಕ್ಷೆಗೆ ಯಾವ ಪಾಲಿಸಿಯೂ ಬರುವುದಿಲ್ಲವೆಂದೇ ಇಟ್ಟುಕೊಳ್ಳಿ. ಇಡೀ ಅವಧಿಯ ಮಾತ್ರೆ, ಔಷಧದ ಮೂಲ ಹೆಸರಿರುವ ಚೀಟಿ ಸಮೇತ, ಕೈಚೀಲದಲ್ಲೇ ಇರಲಿ. ನಮ್ಮ ಬ್ರ್ಯಾಂಡ್ ಹೆಸರು ಹೇಳಿದರೆ ಅಲ್ಲಿನ ಫಾರ್ಮಸಿಯವರಿಗೆ ಅರ್ಥವಾಗದು.

ಟೂರ್‌ನವರೇ ನಮ್ಮ ಯುರೋಪ್ ಪ್ರವಾಸಕ್ಕೆ ವಿಮೆ ಮಾಡಿಸಿದ್ದಾರೆ. ಕಾಯಿಲೆ ಬಗ್ಗೆ ಯಾರೂ ಕೇಳಲೇ ಇಲ್ಲ. ಪಾಲಿಸಿ ನೋಡಿದರೆ ‘ಮೊದಲೇ ಇರುವ ಕಾಯಿಲೆ: ಇಲ್ಲ’ ಅಂತಿದೆ. ನನಗೆ ಬಿಪಿ, ಥೈರಾಯ್ಡ್. ನಮ್ಮ ಯಜಮಾನರಿಗೆ ಶುಗರ್. ವೀಸಾ ಬಂದಿದೆ. ಹೊರಡಲು ಇನ್ನು ಹದಿನೆಂಟು ದಿನ.
— ನಿವೃತ್ತ ಶಿಕ್ಷಕಿ, ಮಂಡ್ಯ

ವೀಸಾ ಬಂದಿದ್ದಕ್ಕೂ ಪಾಲಿಸಿ ಸರಿಯಿರುವುದಕ್ಕೂ ಸಂಬಂಧವಿಲ್ಲ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಷೆಂಗೆನ್ ವೀಸಾದವರು ನೋಡುವುದು ಕನಿಷ್ಠ 30,000 ಯೂರೊ ರಕ್ಷಣೆ ಇದೆಯೇ, ಎಲ್ಲ ಷೆಂಗೆನ್ ದೇಶಗಳಿಗೂ ಪೂರ್ತಿ ವಾಸದ ಅವಧಿಗೂ ಅನ್ವಯವೇ, ತುರ್ತು ಚಿಕಿತ್ಸೆ ಮತ್ತು ಊರಿಗೆ ವಾಪಸು ಕಳಿಸುವ ಖರ್ಚು ಸೇರಿದೆಯೇ ಎಂದು. ನಿಮ್ಮ ಬಿಪಿ ಅವರಿಗೆ ಬೇಡ.

ಹದಿನೆಂಟು ದಿನ ಸಾಕಷ್ಟಾಯಿತು. ಇವತ್ತೇ ವಿಮೆ ಕಂಪನಿಗೇ ನೇರವಾಗಿ ಇ-ಮೇಲ್ ಮಾಡಿ, ಟೂರ್‌ನವರಿಗೆ ಅದರ ಪ್ರತಿ ಹಾಕಿ. ಪಾಲಿಸಿ ನಂಬರ್, ಇಬ್ಬರ ಕಾಯಿಲೆ, ಮಾತ್ರೆ, ಡೋಸ್ ಬರೆದು, ‘ಫಾರಂ ತುಂಬುವಾಗ ಇದನ್ನು ನಮ್ಮನ್ನು ಕೇಳಿರಲಿಲ್ಲ. ದಾಖಲಿಸಿ ಎಂಡಾರ್ಸ್‌ಮೆಂಟ್ ಕೊಡಿ, ಹೆಚ್ಚಿನ ಪ್ರೀಮಿಯಂ ಇದ್ದರೆ ತಿಳಿಸಿ’ ಎಂದು ಕೇಳಿ. ಎಂಡಾರ್ಸ್‌ಮೆಂಟ್ ಎಂದರೆ ಪಾಲಿಸಿಗೆ ಅಂಟುವ ತಿದ್ದುಪಡಿ ಪತ್ರ. ಅದು ಕೈಗೆ ಬರುವ ತನಕ ತಿದ್ದುಪಡಿ ಆಗಿಲ್ಲ ಎಂದೇ ತಿಳಿಯಿರಿ. ನಾಲ್ಕೈದು ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಆಗುವುದಿಲ್ಲ ಎಂದರೆ, ಕಾಯಿಲೆ ಬರೆದೇ ಇನ್ನೊಂದು ಪಾಲಿಸಿ ಕೊಳ್ಳಿ. ಅದರಲ್ಲೂ 30,000 ಯೂರೊ ಷರತ್ತು ಪೂರ್ತಿಯಾಗಿರಲಿ. ಹೊರಡುವ ಮುಂಚೆಯೇ ಇದು ಆಗಬೇಕು. ಇಲ್ಲಿನ ಪ್ರಯಾಣ ಪಾಲಿಸಿಗಳನ್ನು ಸಾಮಾನ್ಯವಾಗಿ ಭಾರತ ಬಿಟ್ಟ ಮೇಲೆ ಕೊಳ್ಳಲಾಗದು.

‘ಮೂವತ್ತು ದಿನದೊಳಗೆ ವಾಪಸು ಮಾಡಬಹುದಲ್ಲ’ ಎಂದು ಯಾರಾದರೂ ಹೇಳಿಯಾರು. ಆ ಫ್ರೀ ಲುಕ್ ಸೌಲಭ್ಯ ಒಂದು ವರ್ಷಕ್ಕಿಂತ ಕಡಿಮೆ ಅವಧಿಯ ಪಾಲಿಸಿಗಿಲ್ಲ. ಹಾಗಾಗಿ ಹಣ ಕಟ್ಟುವ ಮೊದಲೇ ಓದಬೇಕು. ಇಂಗ್ಲಿಷ್ ತೊಡಕೆನಿಸಿದರೆ ಪಾಲಿಸಿಯ ಮುಖ್ಯಾಂಶಗಳಿರುವ ‘ಗ್ರಾಹಕ ಮಾಹಿತಿ ಪತ್ರ’ವನ್ನು ಕನ್ನಡದಲ್ಲಿ ಕೊಡಿ ಎಂದು ಕೇಳಿ. ಕೇಳಿದವರಿಗೆ ಸ್ಥಳೀಯ ಭಾಷೆಯಲ್ಲಿ ಕೊಡಬೇಕೆಂದು ವಿಮಾ ಪ್ರಾಧಿಕಾರವೇ ಹೇಳಿದೆ. ಕೇಳುವವರಿಲ್ಲ ಅಷ್ಟೆ.

ಹತ್ತು ವರ್ಷದ ಹಿಂದೆ ಪಿತ್ತಕೋಶದ ಆಪರೇಷನ್ ಆಗಿದೆ, ಹೋದ ವರ್ಷ ಕಣ್ಣಿನ ಪೊರೆ. ಮಂಡಿ ನೋವಿಗೆ ಆಯುರ್ವೇದ. ಇವೂ ಬರೆಯಬೇಕೇ?
— ಶ್ರೀರಂಗಪಟ್ಟಣ

ಫಾರಂ ಏನು ಕೇಳಿದೆಯೋ ಅದಕ್ಕೆ ಉತ್ತರ. ‘ಯಾವಾಗಲಾದರೂ ಶಸ್ತ್ರಚಿಕಿತ್ಸೆ ಆಗಿದೆಯೇ’ ಎಂದಿದ್ದರೆ ಪಿತ್ತಕೋಶವೂ ಬರಬೇಕು. ‘ಕಳೆದ 36 ತಿಂಗಳಲ್ಲಿ’, ‘48 ತಿಂಗಳಲ್ಲಿ’ ಎಂದಿದ್ದರೆ ಪೊರೆ ಮಾತ್ರ. ಆಯುರ್ವೇದವೂ ಚಿಕಿತ್ಸೆಯೇ, ಬರೆಯಿರಿ. ಅನುಮಾನ ಬಂದರೆ ಬರೆಯುವ ಕಡೆಗೇ ವಾಲಿ. ಮಂಡಿ ನೋವು ಬರೆದಿದ್ದಕ್ಕೆ ಪ್ರೀಮಿಯಂ ಆಕಾಶಕ್ಕೇರುವುದಿಲ್ಲ.

ಜನ ಮರೆಯುವುದು ಇನ್ನೂ ಹೆಸರಿಡದ ಕಾಯಿಲೆಗಳನ್ನು. ಮೆಟ್ಟಿಲು ಹತ್ತಿದರೆ ಉಬ್ಬಸ ಎಂದು ತೋರಿಸಿದಿರಿ, ಡಾಕ್ಟರು ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡುವ ಹೃದಯ ಪರೀಕ್ಷೆ) ಬರೆದುಕೊಟ್ಟರು, ‘ಬಂದ ಮೇಲೆ ಮಾಡಿಸೋಣ’ ಎಂದು ಹೊರಟಿರಿ. ಕಾಯಿಲೆ ಇದೆ ಎಂದು ಯಾರೂ ಹೇಳಿಲ್ಲ, ಆದರೆ ಸಲಹೆ ಪಡೆದದ್ದು ಚೀಟಿಯಲ್ಲಿದೆ. ‘ಬಾಕಿ ಇರುವ ಪರೀಕ್ಷೆ’ ಎಂಬ ಪ್ರಶ್ನೆ ಇರುವುದೇ ಇಂಥವರಿಗೆ. ಪರೀಕ್ಷೆ ಮುಗಿಸಿಕೊಂಡೇ ಹೊರಡಿ. ಪಾಲಿಸಿ ಕೊಂಡ ಮೇಲೆ, ವಿಮಾನ ಹತ್ತುವ ಮುಂಚೆ ಡಾಕ್ಟರು ಡೋಸ್ ಏರಿಸಿದರೆ ಅಥವಾ ಹೊಸ ಮಾತ್ರೆ ಸೇರಿಸಿದರೆ ಅದನ್ನೂ ಕಂಪನಿಗೆ ತಿಳಿಸಿ.

ರೈಲಿನಲ್ಲಿ ಕಾಶಿಗೆ ಹೊರಟಿದ್ದೇವೆ. ಟಿಕೆಟ್ ಜೊತೆ ಪೈಸೆ ಲೆಕ್ಕದ ವಿಮೆ ತೆಗೆದುಕೊಂಡಿದ್ದೇವೆ. ಅದಕ್ಕೂ ಬಿಪಿ ಹೇಳಬೇಕಿತ್ತೇ?
— ಮದ್ದೂರು

ಬೇಕಿಲ್ಲ. ಅದು ರೈಲು ಅಪಘಾತಕ್ಕೆ ಮಾತ್ರ. ಕಾಶಿಯಲ್ಲಿ ಜ್ವರ ಬಂದು ಮಲಗಿದರೆ ಬರುವುದು ನಿಮ್ಮ ಮನೆಯ ಆರೋಗ್ಯ ವಿಮೆ. ಅದರ ಕಾರ್ಡ್ ಜೊತೆಯಲ್ಲಿರಲಿ.

ಶುಗರ್ ಇದೆ ಎಂದು ಬರೆದೇ ಪಾಲಿಸಿ ಮಾಡಿಸಿದ್ದೆವು. ಅತ್ತೆಯವರಿಗೆ ಅಲ್ಲಿ ಹೃದಯಾಘಾತವಾಯಿತು. ಈಗ ‘ಕೊಲೆಸ್ಟರಾಲ್ ಮಾತ್ರೆ ತಗೊಳ್ಳುತ್ತಿದ್ದುದನ್ನು ಹೇಳಿಲ್ಲ’ ಎಂದು ಕ್ಲೇಮ್ ತಿರಸ್ಕರಿಸಿದ್ದಾರೆ. ಮುಂದೇನು?
— ಸರಸ್ವತಿಪುರಂ, ಮೈಸೂರು

ಸುಪ್ರೀಂ ಕೋರ್ಟಿನಲ್ಲಿ ಹೆಚ್ಚುಕಡಿಮೆ ಇದೇ ಪ್ರಕರಣ ಆಗಿಹೋಗಿದೆ: ಮನಮೋಹನ್ ನಂದಾ ಮತ್ತು ಯುನೈಟೆಡ್ ಇಂಡಿಯಾ ಕಂಪನಿಯ ನಡುವಿನದು. 2009ರಲ್ಲಿ ಅಮೆರಿಕಕ್ಕೆ ಹೋದವರಿಗೆ ಸ್ಯಾನ್ ಫ್ರಾನ್ಸಿಸ್ಕೊ ತಲುಪುತ್ತಲೇ ಹೃದಯಾಘಾತವಾಗಿ ಸ್ಟೆಂಟ್ ಹಾಕಬೇಕಾಯಿತು. ಶುಗರ್ ಇದೆ ಎಂಬುದು ಪಾಲಿಸಿಗೆ ಮುಂಚಿನ ವೈದ್ಯಕೀಯ ತಪಾಸಣೆಯಲ್ಲೇ ದಾಖಲಾಗಿತ್ತು. ಸ್ಟ್ಯಾಟಿನ್ ಎಂಬ ಕೊಲೆಸ್ಟರಾಲ್ ಮಾತ್ರೆಯ ವಿಷಯ ಹೇಳಲಿಲ್ಲ ಎಂಬುದು ಕಂಪನಿಯ ವಾದ. ರಾಷ್ಟ್ರೀಯ ಗ್ರಾಹಕ ಆಯೋಗದಲ್ಲಿ ನಂದಾ ಸೋತರು. 2021ರ ಡಿಸೆಂಬರ್ 6ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು: ಆರೋಗ್ಯ ಸ್ಥಿತಿ ಪರಿಶೀಲಿಸಿ ಪಾಲಿಸಿ ಕೊಟ್ಟ ಮೇಲೆ, ಆಗಲೇ ತಿಳಿಸಿದ್ದ ಕಾಯಿಲೆಯನ್ನೇ ನೆಪ ಮಾಡಿ ಕ್ಲೇಮ್ ನಿರಾಕರಿಸುವಂತಿಲ್ಲ ಎಂದಿತು. ತೀರ್ಪು ಬರೆದವರು ನ್ಯಾಯಮೂರ್ತಿ ಬಿ.ವಿ. ನಾಗರತ್ನ, ಪಾಂಡವಪುರದ ಬಳಿಯ ಎಂಗಲಗುಪ್ಪೆ ಮನೆತನದವರು.

ಆದರೆ ಈ ತೀರ್ಪು ಏನೂ ಬರೆಯದವರ ಕೈಹಿಡಿಯುವುದಿಲ್ಲ. ನಂದಾ ಅವರನ್ನು ಉಳಿಸಿದ್ದು ಶುಗರ್ ದಾಖಲೆಯಲ್ಲಿತ್ತು ಎಂಬುದೇ. ತೀರ್ಪಿಗೆ ಹನ್ನೆರಡು ವರ್ಷ ಹಿಡಿಯಿತು ಎಂಬುದನ್ನೂ ಗಮನಿಸಿ. ಮಾತ್ರೆಯ ಹೆಸರು ಫಾರಂನಲ್ಲೇ ಇದ್ದಿದ್ದರೆ ಆ ವಾದಕ್ಕೆ ದಾರಿಯೇ ಇರುತ್ತಿರಲಿಲ್ಲ.

ನೀವು ಮಾಡಬೇಕಾದದ್ದು: ತಿರಸ್ಕಾರ ಪತ್ರದಲ್ಲಿ ಪಾಲಿಸಿಯ ಯಾವ ಷರತ್ತಿನ ಪ್ರಕಾರ ಎಂದು ನಮೂದಿಸಿದ್ದಾರೆಯೇ ನೋಡಿ, ಇಲ್ಲದಿದ್ದರೆ ಕೇಳಿ ಪಡೆಯಿರಿ. ನೀವು ತುಂಬಿದ ಪ್ರಪೋಸಲ್ ಫಾರಂನ ಪ್ರತಿಯನ್ನೂ ತರಿಸಿಕೊಳ್ಳಿ. ಅದರಲ್ಲಿ ‘ಮಾತ್ರೆಗಳನ್ನು ಬರೆಯಿರಿ’ ಎಂಬ ಪ್ರಶ್ನೆಯೇ ಇಲ್ಲದಿದ್ದರೆ ನಿಮ್ಮ ಪಕ್ಷ ಗಟ್ಟಿ. ಶುಗರ್ ಇರುವವರಿಗೆ ಮುನ್ನೆಚ್ಚರಿಕೆಯಾಗಿ ಸ್ಟ್ಯಾಟಿನ್ ಕೊಡುವುದು ರೂಢಿ. ಅತ್ತೆಯವರಿಗೂ ಹಾಗೇ ಕೊಟ್ಟದ್ದಾದರೆ ಅವರ ಡಾಕ್ಟರಿಂದ ಒಂದು ಪತ್ರ ಬರೆಸಿಕೊಳ್ಳಿ. ಇಷ್ಟನ್ನೂ ಲಗತ್ತಿಸಿ ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. ವಿಮಾ ಪ್ರಾಧಿಕಾರದ ‘ಬಿಮಾ ಭರೋಸಾ’ ದೂರು ಜಾಲತಾಣದಲ್ಲೂ ದಾಖಲಿಸಬಹುದು, ಫೋನ್ 155255. ಒಂದು ತಿಂಗಳಾದರೂ ಉತ್ತರವಿಲ್ಲ ಅಥವಾ ಉತ್ತರ ಒಪ್ಪಿಗೆಯಿಲ್ಲ ಎಂದಾದರೆ ವಿಮಾ ಓಂಬುಡ್ಸ್‌ಮನ್. ನಮ್ಮ ರಾಜ್ಯಕ್ಕೆ ಕಚೇರಿ ಬೆಂಗಳೂರಿನ ಜೆ.ಪಿ. ನಗರ 1ನೇ ಹಂತದ ಜೀವನ್ ಸೌಧದಲ್ಲಿದೆ. ಆನ್‌ಲೈನ್‌ನಲ್ಲೂ ಸಲ್ಲಿಸಬಹುದು, ಶುಲ್ಕವಿಲ್ಲ, ವಕೀಲರೂ ಬೇಡ. 50 ಲಕ್ಷ ರೂಪಾಯಿವರೆಗೆ ಪರಿಹಾರ ಕೊಡಿಸುವ ಅಧಿಕಾರ ಅವರಿಗಿದೆ. ಕಂಪನಿಯ ಅಂತಿಮ ಉತ್ತರ ಬಂದ 1 ವರ್ಷದೊಳಗೆ ಹೋಗಬೇಕು. ಗ್ರಾಹಕ ಆಯೋಗಕ್ಕೆ ಹೋಗುವುದಾದರೆ 2 ವರ್ಷ. ಆದರೆ ಆಯೋಗದಲ್ಲಿ ಕೇಸು ಹಾಕಿದ ಮೇಲೆ ಓಂಬುಡ್ಸ್‌ಮನ್ ಅದೇ ದೂರು ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಮೊದಲು ಜೆ.ಪಿ. ನಗರದ ದಾರಿ ಹಿಡಿಯಿರಿ.