ರಾತ್ರಿ ಎದೆ ಡವಡವ ಎಂದು ಎಚ್ಚರವಾದಾಗ ಆಕ್ಸಿಮೀಟರ್‌ನಲ್ಲಿ 86 ಕಂಡರೆ ಏನು ಮಾಡಬೇಕು?

ನೀವು ಬರೆದದ್ದು ಇಷ್ಟು: ವಯಸ್ಸು 46, ತೂಕ 92 ಕಿಲೋ. ವಾರಕ್ಕೆ ಮೂರು ನಾಲ್ಕು ಸಲ ಬೆಳಗಿನ ಜಾವ 3ರ ಸುಮಾರಿಗೆ ಎದೆ ಡವಡವ ಎಂದು ಎಚ್ಚರವಾಗುತ್ತದೆ. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಬೆರಳಿಗೆ ಹಾಕಿದರೆ ಆಕ್ಸಿಜನ್ ಶೇಕಡಾ 86, ನಾಡಿ 118. ಎದ್ದು ಕೂತು ನೀರು ಕುಡಿಯುವಷ್ಟರಲ್ಲಿ 96. ಹಗಲಲ್ಲಿ ತೆಗೆಸಿದ ಇಸಿಜಿ, ಎಕೋ ಎರಡೂ ಸರಿಯಿವೆ. ಒಬ್ಬರು ಗ್ಯಾಸ್ ಎಂದರು, ಇನ್ನೊಬ್ಬರು ಟೆನ್ಶನ್ ಎಂದು ಆತಂಕ ತಗ್ಗಿಸುವ ಆಲ್ಪ್ರಾಜೋಲಾಮ್ ಮಾತ್ರೆ ಬರೆದುಕೊಟ್ಟರು. ಮನೆಯಲ್ಲಿ ಆಗ ತಂದಿಟ್ಟ ಆಕ್ಸಿಜನ್ ಕಾನ್ಸಂಟ್ರೇಟರ್ ಇದೆ, ಅದನ್ನು ಹಾಕಿಕೊಂಡು ಮಲಗಬಹುದೇ?

ಬೇಡ. ಆ ಮಾತ್ರೆಯನ್ನೂ ಇನ್ನೂ ಶುರು ಮಾಡಿಲ್ಲವಾದರೆ, ರಾತ್ರಿಯ ಉಸಿರಾಟದ ದಾಖಲೆ ಕೈಗೆ ಬರುವವರೆಗೆ ಬೇಡವೆಂದು ಡಾಕ್ಟರಿಗೆ ಹೇಳಿ. ತಿಂಗಳುಗಟ್ಟಲೆ ದಿನವೂ ತೆಗೆದುಕೊಳ್ಳುತ್ತಿದ್ದರೆ ಮಾತ್ರ ಒಮ್ಮೆಲೇ ನಿಲ್ಲಿಸಬಾರದು, ಅವರನ್ನೇ ಕೇಳಿ ಹಂತಹಂತವಾಗಿ ಇಳಿಸಬೇಕು. ಎರಡನ್ನೂ ಬೇಡವೆನ್ನಲು ಕಾರಣ, ನಿಮ್ಮ ವಿವರಕ್ಕೆ ಎಲ್ಲಕ್ಕಿಂತ ಹೆಚ್ಚು ಹೊಂದುವುದು ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ನಿಲ್ಲುವ ತೊಂದರೆ, ಅಂದರೆ ಸ್ಲೀಪ್ ಆಪ್ನಿಯಾ. ಆದರೆ 86 ಎಂಬ ಒಂದೇ ಅಂಕಿ ನೋಡಿ ಅದನ್ನು ಖಚಿತ ಮಾಡಲು ಆಗುವುದಿಲ್ಲ. ರಾತ್ರಿಯಿಡೀ ಆ ಅಂಕಿ ಹೇಗೆ ಏರಿಳಿಯಿತು ಎನ್ನುವುದು ಬೇಕು.

ಮುಂದೆ ಓದುವ ಮೊದಲು ಒಂದು ವಿಷಯ. ಎದ್ದು ಕೂತು ಐದು ನಿಮಿಷವಾದರೂ 90ರ ಮೇಲೆ ಬರದಿದ್ದರೆ, ಎದೆ ಹಿಂಡಿದಂತೆ ನೋವಿದ್ದರೆ, ತಲೆ ಸುತ್ತಿ ಬಿದ್ದರೆ, ತುಟಿ ನೀಲಿಗಟ್ಟಿದರೆ, ಕೆಮ್ಮಿನಲ್ಲಿ ರಕ್ತ ಬಂದರೆ, ಒಂದೇ ಕಾಲು ಊದಿಕೊಂಡು ಜೊತೆಗೆ ಏದುಸಿರು ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಕರೆ ಮಾಡಿ. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡಾಗಲೂ ನಾಡಿ ಏರುತ್ತದೆ, ಆಕ್ಸಿಜನ್ ಇಳಿಯುತ್ತದೆ. ಆದರೆ ಅದು ನೀರು ಕುಡಿಯುವಷ್ಟರಲ್ಲಿ ಸರಿಹೋಗುವುದಿಲ್ಲ.

ಈಗ ಆ ರಾತ್ರಿ ಒಳಗೆ ಏನಾಗುತ್ತಿದೆ ನೋಡೋಣ. ಎಚ್ಚರವಿದ್ದಾಗ ಗಂಟಲಿನ ಸ್ನಾಯುಗಳು ಉಸಿರಿನ ದಾರಿಯನ್ನು ತೆರೆದಿಟ್ಟಿರುತ್ತವೆ, ನಿದ್ದೆಯಲ್ಲಿ ಅವು ಸಡಿಲವಾಗುತ್ತವೆ. ಕುತ್ತಿಗೆಯ ಸುತ್ತ ಕೊಬ್ಬು, ಹಿಂದೆ ಸರಿದ ದವಡೆ, ದೊಡ್ಡ ಟಾನ್ಸಿಲ್, ಇವುಗಳಿಂದ ದಾರಿ ಮೊದಲೇ ಕಿರಿದಾಗಿದ್ದರೆ ನಾಲಿಗೆಯ ಬುಡ, ಕಿರುನಾಲಿಗೆಯ ಭಾಗ ಹಿಂದಕ್ಕೆ ಜಾರಿ ಅದು ಮುಚ್ಚಿಕೊಳ್ಳುತ್ತದೆ. ಎದೆ, ಹೊಟ್ಟೆ ಉಸಿರೆಳೆಯಲು ಹೆಣಗುತ್ತಲೇ ಇರುತ್ತವೆ, ಗಾಳಿ ಮಾತ್ರ ಒಳಗೆ ಹೋಗದು. ಹೀಗೆ 10 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ನಿಂತರೆ ಲೆಕ್ಕಕ್ಕೆ ಒಂದು ಆಪ್ನಿಯಾ. ಕೆಲವರಲ್ಲಿ ಒಂದು ನಿಮಿಷವೂ ದಾಟುತ್ತದೆ. ಆ ಹೊತ್ತಿನಲ್ಲಿ ನಾಡಿ ಸಾಮಾನ್ಯವಾಗಿ ನಿಧಾನವಾಗುತ್ತದೆ. ಆಕ್ಸಿಜನ್ ಇಳಿದು ಇಂಗಾಲದ ಡೈಆಕ್ಸೈಡ್ ಏರಿದಾಗ ಮಿದುಳು ಗಾಬರಿಯಿಂದ ಎಬ್ಬಿಸುತ್ತದೆ, ಅಡ್ರಿನಲಿನ್ ನುಗ್ಗುತ್ತದೆ, ಗಂಟಲು ತೆರೆದುಕೊಳ್ಳುತ್ತದೆ, ನಾಡಿಯೂ ರಕ್ತದೊತ್ತಡವೂ ಒಮ್ಮೆಲೇ ಏರುತ್ತವೆ. ನಿಮಗೆ ಗೊತ್ತಾಗುವುದು ಈ ಕೊನೆಯ ಭಾಗ ಮಾತ್ರ. ಉಸಿರು ನಿಂತದ್ದು ನೆನಪಿರುವುದಿಲ್ಲ, ಎದೆ ಹೊಡೆದುಕೊಳ್ಳುವುದು ಅನುಭವಕ್ಕೆ ಬರುತ್ತದೆ. ಹಾಗಾಗಿಯೇ ಇಂಥವರು ಮೊದಲು ಹೋಗುವುದು ಹೃದಯದ ಡಾಕ್ಟರ ಹತ್ತಿರ. ಬೆಳಗಿನ ಜಾವವೇ ಏಕೆ ಎಂದರೆ, ಕನಸು ಬೀಳುವ ನಿದ್ದೆ ರಾತ್ರಿಯ ಕೊನೆಯ ಪಾಲಿನಲ್ಲಿ ದಟ್ಟವಾಗಿರುತ್ತದೆ. ಆಗ ಸ್ನಾಯುಗಳು ತೀರಾ ಸಡಿಲ, ಆಪ್ನಿಯಾ ಹೆಚ್ಚು ಉದ್ದ, ಆಕ್ಸಿಜನ್ ಇನ್ನೂ ಕೆಳಕ್ಕೆ.

ನಿಮ್ಮ 86ನ್ನು ಎಷ್ಟು ನಂಬಬಹುದು? ಎರಡು ಕಡೆಯಿಂದ ಯೋಚಿಸಬೇಕು. ಉಸಿರು ಮರಳಿದ ಮೇಲೂ ಬೆರಳ ತುದಿಗೆ ಹೊಸ ರಕ್ತ ತಲುಪಿ ಅಂಕಿ ಏರಲು 20-30 ಸೆಕೆಂಡು ಬೇಕು. ನೀವು ದೀಪ ಹಾಕಿ, ಆಕ್ಸಿಮೀಟರ್ ಹುಡುಕಿ ಸಿಕ್ಕಿಸುವಷ್ಟರಲ್ಲಿ ಕುಸಿತದ ಬಾಲ ಮಾತ್ರ ಸಿಕ್ಕಿರಬಹುದು, ನಿಜವಾದ ತಳ ಅದಕ್ಕೂ ಕೆಳಗಿದ್ದಿರಬಹುದು. ಇನ್ನೊಂದು ಕಡೆ, ತಣ್ಣಗಿನ ಬೆರಳು, ನಡುಗುವ ಕೈ, ಗಾಢ ಉಗುರುಬಣ್ಣ, ಕೈಮೇಲೆ ಮಲಗಿ ಜೋಮು ಹಿಡಿದದ್ದು, ಇವೆಲ್ಲ ಸುಳ್ಳು ಅಂಕಿ ತೋರಿಸುತ್ತವೆ. ಕೈ ಉಜ್ಜಿ ಬೆಚ್ಚಗೆ ಮಾಡಿ, ಎದೆಯ ಮಟ್ಟದಲ್ಲಿ ಊರಿ, ತೋರುಬೆರಳಿಗೋ ನಡುಬೆರಳಿಗೋ ಹಾಕಿ ಒಂದು ನಿಮಿಷ ಅಲ್ಲಾಡಿಸಬೇಡಿ. ಪರದೆಯ ಅಲೆ ಒಂದೇ ಎತ್ತರದಲ್ಲಿ ಓಡುತ್ತಿದ್ದರೆ ಮಾತ್ರ ಅಂಕಿಗೆ ಬೆಲೆ. ಆಗಲೂ 2-3 ಅಂಶ ಆಚೀಚೆ ಇರುತ್ತದೆ. ಕಪ್ಪು ಮೈಬಣ್ಣದವರಲ್ಲಿ ಈ ಉಪಕರಣ ಇರುವುದಕ್ಕಿಂತ ಹೆಚ್ಚು ತೋರಿಸುವುದೂ ಉಂಟು, ನಮ್ಮವರು ಇದನ್ನು ನೆನಪಿಡಬೇಕು.

ಹಾಗಾಗಿ ರಾತ್ರಿಯಿಡೀ ಅಂಕಿಗಳನ್ನು ತನ್ನಲ್ಲೇ ದಾಖಲಿಸಿಕೊಳ್ಳುವ ಆಕ್ಸಿಮೀಟರ್ ಬೇಕು. ಬೆರಳಿಗೋ ಉಂಗುರದಂತೆಯೋ ಹಾಕಿಕೊಂಡು ಮಲಗಿದರೆ ಕೆಲವು ಸೆಕೆಂಡಿಗೊಮ್ಮೆ ಅಂಕಿ ಬರೆದು ಬೆಳಿಗ್ಗೆ ಮೊಬೈಲಿನಲ್ಲಿ ಗ್ರಾಫ್ ಕೊಡುವಂಥವು ಇವೆ. ಸ್ಮಾರ್ಟ್‌ವಾಚ್ ಈ ಕೆಲಸಕ್ಕೆ ಸಾಲದು. ಹೆಚ್ಚಿನವು ಆಗೊಮ್ಮೆ ಈಗೊಮ್ಮೆ ಅಳೆಯುತ್ತವೆ, 30 ಸೆಕೆಂಡಿನ ಕುಸಿತ ಎರಡು ಅಳತೆಗಳ ನಡುವೆ ತಪ್ಪಿಸಿಕೊಳ್ಳುತ್ತದೆ. ಕನಿಷ್ಠ 6 ಗಂಟೆಯಂತೆ ಮೂರು ರಾತ್ರಿ ದಾಖಲಿಸಿ. ಗ್ರಾಫ್ ಗರಗಸದ ಹಲ್ಲಿನಂತೆ ಮತ್ತೆ ಮತ್ತೆ ಬಿದ್ದು ಎದ್ದು, ಪ್ರತಿ ಏರಿಕೆಯ ಜೊತೆ ನಾಡಿಯೂ ಜಿಗಿದಿದ್ದರೆ ಅದು ಗಂಟಲು ಮುಚ್ಚುವ ಆಪ್ನಿಯಾದ ಗುರುತು. ಹಲ್ಲುಗಳಿಲ್ಲದೆ ಗಂಟೆಗಟ್ಟಲೆ 88ರ ಆಸುಪಾಸು ಚಪ್ಪಟೆಯಾಗಿ ನಿಂತಿದ್ದರೆ ಶ್ವಾಸಕೋಶದ ಕಾಯಿಲೆ ಅಥವಾ ಉಸಿರೇ ಆಳವಿಲ್ಲದಿರುವುದನ್ನು ಯೋಚಿಸಬೇಕು. ಮೆಲ್ಲಗೆ ಏರಿ ಮೆಲ್ಲಗೆ ಇಳಿಯುವ ಸಮನಾದ ಅಲೆಗಳು ಹೃದಯ ದುರ್ಬಲವಾದವರಲ್ಲಿ ಕಾಣುತ್ತವೆ. ಗಂಟೆಗೆ ಎಷ್ಟು ಸಲ 3 ಅಥವಾ 4 ಅಂಶ ಕುಸಿಯಿತು ಎಂಬ ಎಣಿಕೆಯನ್ನೂ ಆಪ್ ಕೊಡುತ್ತದೆ. 15 ದಾಟಿದ್ದರೆ ಪರೀಕ್ಷೆಯನ್ನು ಮುಂದೂಡಬೇಡಿ. ಎಣಿಕೆ ಕಡಿಮೆ ಬಂತೆಂದು ಏನೂ ಇಲ್ಲ ಎನ್ನಲೂ ಆಗದು, ಆಕ್ಸಿಜನ್ ಇಳಿಯುವ ಮೊದಲೇ ಮಿದುಳು ಎಬ್ಬಿಸಿಬಿಡುವವರೂ ಇದ್ದಾರೆ.

ಜೊತೆಗೆ ಖರ್ಚಿಲ್ಲದ ಎರಡು ಕೆಲಸ. ತಲೆದೆಸೆಯಲ್ಲಿ ಮೊಬೈಲ್ ಇಟ್ಟು ರಾತ್ರಿಯ ಸದ್ದು ರೆಕಾರ್ಡ್ ಮಾಡಿ. ಗೊರಕೆ, ಒಮ್ಮೆಲೇ ಮೌನ, ಆಮೇಲೆ ಉಸಿರುಗಟ್ಟಿದವರಂತೆ ಗೊರ್ ಎಂದು ಏಳುವುದು, ಇಷ್ಟು ಕೇಳಿಸಿದರೆ ಡಾಕ್ಟರಿಗೆ ಬೇಕಾದ ಅರ್ಧ ಕಥೆ ಸಿಕ್ಕಂತೆ. ಇನ್ನು ದರ್ಜಿಯ ಟೇಪು ಹಿಡಿದು ಕುತ್ತಿಗೆ ಅಳೆಯಿರಿ. ಜೋರು ಗೊರಕೆ, ಹಗಲು ಸುಸ್ತು, ಉಸಿರು ನಿಂತದ್ದನ್ನು ಯಾರಾದರೂ ಕಂಡಿರುವುದು, ಬಿಪಿ, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 35ಕ್ಕಿಂತ ಹೆಚ್ಚು, ವಯಸ್ಸು 50ಕ್ಕಿಂತ ಹೆಚ್ಚು, ಕುತ್ತಿಗೆ 40 ಸೆಂ.ಮೀ.ಗಿಂತ ಹೆಚ್ಚು, ಗಂಡಸು: ಈ ಎಂಟರಲ್ಲಿ ಮೂರಕ್ಕೆ ಹೌದು ಎಂದರೆ ಅಪಾಯ ಮಧ್ಯಮ, ಐದಕ್ಕೆ ಹೌದು ಎಂದರೆ ಹೆಚ್ಚು. ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುವುದು, ಬೆಳಿಗ್ಗೆ ತಲೆನೋವು, ಬಾಯಿ ಒಣಗುವುದು ಈ ಪಟ್ಟಿಯಲ್ಲಿ ಇಲ್ಲದಿದ್ದರೂ ಹೇಳಿಬಿಡಿ.

ಆಪ್ನಿಯಾ ಅಲ್ಲದೆಯೂ ಹೀಗೆ ಆಗಬಹುದು. ಮಲಗಿ ಒಂದೆರಡು ಗಂಟೆಗೆ ಉಸಿರು ಕಟ್ಟಿ ಎದ್ದು, ಕಿಟಕಿ ಹತ್ತಿರ ಹೋಗಿ ಅರ್ಧ ಗಂಟೆ ಕೂತರೆ ಮಾತ್ರ ಸರಿಹೋಗುವುದು, ಕಾಲು ಊತ, ಎರಡು ಮೂರು ದಿಂಬು ಬೇಕಾಗುವುದು ಹೃದಯ ಸೋಲುತ್ತಿರುವ ಲಕ್ಷಣ. ಸುಯ್ಯೆನ್ನುವ ಸದ್ದು, ಕೆಮ್ಮು ಇದ್ದರೆ ಆಸ್ತಮಾ, ಅದಕ್ಕೂ ಬೆಳಗಿನ ಜಾವವೇ ಹೊತ್ತು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್ ಮಾತ್ರೆ ತೆಗೆದುಕೊಳ್ಳುವವರು ಬೆವರಿ ನಡುಗುತ್ತಾ ಎದ್ದರೆ ಮೊದಲು ಗ್ಲುಕೋಮೀಟರ್ ಹಿಡಿಯಬೇಕು. 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು 15 ನಿಮಿಷಕ್ಕೆ ಮತ್ತೆ ನೋಡಬೇಕು. ನಿದ್ದೆಯಲ್ಲೇ ಬರುವ ಪ್ಯಾನಿಕ್ ಅಟ್ಯಾಕ್‌ನಲ್ಲಿ ಎದೆಬಡಿತ ಇದೇ ಥರ ಇರುತ್ತದೆ, ಆದರೆ ಅವರು ಬೇಗಬೇಗ ಉಸಿರಾಡುವುದರಿಂದ ಆಕ್ಸಿಜನ್ 98-100 ಇರುತ್ತದೆ. ಥೈರಾಯ್ಡ್ ಹೆಚ್ಚಾದಾಗ, ರಕ್ತಹೀನತೆಯಲ್ಲಿ ನಾಡಿ ಓಡುತ್ತದೆ, ಆಕ್ಸಿಮೀಟರ್ ಅಂಕಿ ಮಾತ್ರ ಕುಗ್ಗುವುದಿಲ್ಲ. ನಿಜವಾಗಿ ಆಕ್ಸಿಜನ್ ಇಳಿಯುತ್ತಿದ್ದರೆ ಗ್ಯಾಸ್, ಟೆನ್ಶನ್ ಎಂಬ ಮಾತು ಸಾಲದು.

ಇಸಿಜಿ ಸರಿಯಿದೆ ಎನ್ನುವುದರ ಬಗ್ಗೆ: ಹಗಲಿನ ಇಸಿಜಿ ನೋಡುವುದು ಸುಮಾರು 10 ಸೆಕೆಂಡು. ಬೆಳಗಿನ ಜಾವ ಬಂದು ಹೋಗುವ ಏಟ್ರಿಯಲ್ ಫಿಬ್ರಿಲೇಶನ್, ಅಂದರೆ ಹೃದಯ ಲಯ ತಪ್ಪಿ ಬಡಿಯುವ ತೊಂದರೆ, ಅದರಲ್ಲಿ ಸಿಗುವುದಿಲ್ಲ. ಆಪ್ನಿಯಾ ಇರುವವರಲ್ಲಿ ಅದು ಹೆಚ್ಚು. ಎಚ್ಚರವಾದಾಗ ಮಣಿಕಟ್ಟಿನಲ್ಲಿ ನಾಡಿ ಹಿಡಿದು ನೋಡಿ: ಬೇಗವಿದ್ದರೂ ಗಡಿಯಾರದಂತೆ ಸಮನಾಗಿದೆಯೋ, ಗೊತ್ತುಗುರಿಯಿಲ್ಲದೆ ಬಡಿಯುತ್ತಿದೆಯೋ? ಎರಡನೆಯದಾದರೆ 24-48 ಗಂಟೆ ಇಸಿಜಿ ದಾಖಲಿಸುವ ಹೋಲ್ಟರ್ ಪರೀಕ್ಷೆ ಕೇಳಿ.

ಇನ್ನು ಕಾನ್ಸಂಟ್ರೇಟರ್. ಬಾಗಿಲು ಮುಚ್ಚಿದ ಮನೆಯ ಅಂಗಳದಲ್ಲಿ ಫ್ಯಾನ್ ಹಾಕಿದಂತೆ ಅದು. ಗಂಟಲು ಮುಚ್ಚಿದ್ದಾಗ ಮೂಗಿಗೆ ಬಿಟ್ಟ ಆಕ್ಸಿಜನ್ ಒಳಗೆ ಹೋಗದು. ಅಂಕಿ ಚೆನ್ನಾಗಿ ಕಾಣಿಸಬಹುದು, ಏಕೆಂದರೆ ಉಸಿರು ನಿಲ್ಲುವ ಮೊದಲು ಒಳಗಿನ ದಾಸ್ತಾನು ಹೆಚ್ಚಿರುತ್ತದೆ. ಆದರೆ ಉಸಿರು ನಿಲ್ಲುವುದು ತಪ್ಪುವುದಿಲ್ಲ, ಎಬ್ಬಿಸುವ ಎಚ್ಚರಿಕೆ ತಡವಾಗಿ ಕೆಲವರಲ್ಲಿ ಇನ್ನೂ ಉದ್ದವಾಗುತ್ತದೆ. ದಪ್ಪ ಮೈಯವರಲ್ಲಿ ಉಸಿರು ಆಳವಿಲ್ಲದೆ ಇಂಗಾಲದ ಡೈಆಕ್ಸೈಡ್ ಕೂಡಿಕೊಳ್ಳುವ ಸ್ಥಿತಿಯೂ ಇದ್ದರೆ, ಅಳತೆಯಿಲ್ಲದ ಆಕ್ಸಿಜನ್ ಅವರನ್ನು ಮಂಪರಿಗೆ ತಳ್ಳಬಹುದು. ಹಗಲು ಎಚ್ಚರವಿದ್ದಾಗಲೂ ನಿಮ್ಮ ಅಂಕಿ 93ರ ಒಳಗಿದ್ದರೆ, ಹೀಗೆ ಕೂಡಿಕೊಳ್ಳುತ್ತಿರುವುದರ ಸುಳಿವು ಕೊಡುವ ರಕ್ತದ ಬೈಕಾರ್ಬನೇಟ್ ಪರೀಕ್ಷೆ ಮಾಡಿಸಿ. 27 ಅಥವಾ ಹೆಚ್ಚು ಬಂದರೆ ರಕ್ತದ ಅನಿಲ ಪರೀಕ್ಷೆ ಬೇಕೆಂದು ಡಾಕ್ಟರು ಹೇಳುತ್ತಾರೆ. ಆಲ್ಪ್ರಾಜೋಲಾಮ್ ಮತ್ತು ಮಲಗುವ ಮುಂಚಿನ ಎರಡು ಪೆಗ್ಗು ಮಾಡುವುದೂ ಇದೇ ಥರದ ಕೇಡು: ಗಂಟಲನ್ನು ಇನ್ನಷ್ಟು ಸಡಿಲಿಸಿ, ಎಚ್ಚರವಾಗುವುದನ್ನು ತಡಮಾಡುತ್ತವೆ.

ಹೋಗಬೇಕಾದದ್ದು ಶ್ವಾಸಕೋಶ ತಜ್ಞರ ಬಳಿ, ನಿದ್ದೆ ಪರೀಕ್ಷೆಯ ಸೌಲಭ್ಯವಿರುವ ಕಡೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಿದ್ದೆಯ ಪ್ರಯೋಗಾಲಯವಿದೆ, ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲೂ ಸಿಗುತ್ತದೆ. ಒಂದು ರಾತ್ರಿ ಆಸ್ಪತ್ರೆಯಲ್ಲಿ ತಲೆಗೆ, ಎದೆಗೆ ತಂತಿ ಅಂಟಿಸಿ ಮಾಡುವುದು ಪೂರ್ಣ ಪರೀಕ್ಷೆ. ಮೂಗಿನ ನಳಿಕೆ, ಎದೆಪಟ್ಟಿ, ಬೆರಳ ಸೆನ್ಸರ್ ಕೊಟ್ಟು ಮನೆಗೆ ಕಳಿಸುವುದು ಚಿಕ್ಕ ಪರೀಕ್ಷೆ. ಬೇರೆ ಕಾಯಿಲೆ ಇಲ್ಲದವರಿಗೆ ಎರಡನೆಯದೇ ಸಾಕು. ಅದು ನಿದ್ದೆಯ ಗಂಟೆಗಳ ಬದಲು ಯಂತ್ರ ಓಡಿದ ಗಂಟೆಗಳಿಂದ ಭಾಗಿಸುವುದರಿಂದ ತೊಂದರೆ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ವರದಿಯಲ್ಲಿ ನೋಡಬೇಕಾದ ಅಂಕಿ ಎಎಚ್‌ಐ, ಅಂದರೆ ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ಕುಗ್ಗಿತು ಎಂಬುದು. 5ರೊಳಗೆ ಸಹಜ, 15ರವರೆಗೆ ಸೌಮ್ಯ, 30ರವರೆಗೆ ಮಧ್ಯಮ, ಅದಕ್ಕೂ ಮೇಲೆ ತೀವ್ರ. ಜೊತೆಗೆ 90ರ ಕೆಳಗೆ ಒಟ್ಟು ಎಷ್ಟು ನಿಮಿಷ ಕಳೆಯಿತು, ಅಂಗಾತ ಮಲಗಿದಾಗ ಎಷ್ಟು, ಮಗ್ಗುಲಾದಾಗ ಎಷ್ಟು ಎಂದೂ ಕೇಳಿ. ಅಂಗಾತವಿದ್ದಾಗ ಮಾತ್ರ ಹೆಚ್ಚಿದ್ದರೆ ಬನಿಯನ್ ಬೆನ್ನಿಗೆ ಜೇಬು ಹೊಲಿದು ಟೆನಿಸ್ ಚೆಂಡು ಇಟ್ಟುಕೊಂಡರೂ ಎಷ್ಟೋ ಅನುಕೂಲ. ದಿಂಬಿನ ಮೇಲೆ ದಿಂಬು ಪೇರಿಸಬೇಡಿ, ಗದ್ದ ಎದೆಗೆ ಬಾಗಿ ದಾರಿ ಇನ್ನೂ ಮುಚ್ಚುತ್ತದೆ.

ಮಧ್ಯಮ, ತೀವ್ರ ಎಂದಾದರೆ ಸಿಪ್ಯಾಪ್. ಆಸ್ಟ್ರೇಲಿಯಾದ ಕಾಲಿನ್ ಸಲಿವನ್ 1981ರಲ್ಲಿ ಪ್ರಕಟಿಸಿದ ವಿಧಾನ ಇದು. ಮಾಸ್ಕ್ ಮೂಲಕ ಒತ್ತಡದ ಗಾಳಿ ಬಿಟ್ಟು ಗಂಟಲು ಕುಸಿಯದಂತೆ ಒಳಗಿನಿಂದ ಆನಿಸುತ್ತದೆ. ಒತ್ತಡ 4ರಿಂದ 20 ಸೆಂ.ಮೀ. ನೀರಿನಷ್ಟು. ಮೊದಲ ವಾರದಲ್ಲೇ ಅನೇಕರು ಕೈಬಿಡುವುದು ಯಂತ್ರದ ದೋಷಕ್ಕಲ್ಲ, ಮಾಸ್ಕ್ ಸರಿ ಕೂರದ್ದಕ್ಕೆ. ಮಲಗಿಕೊಂಡೇ ಅಳತೆ ನೋಡಿ ಕೊಳ್ಳಿ. ಸೋರುತ್ತದೆಂದು ಪಟ್ಟಿ ಬಿಗಿದಷ್ಟೂ ಸೋರಿಕೆ ಹೆಚ್ಚುತ್ತದೆ, ಮೂಗಿನ ಮೇಲೆ ಹುಣ್ಣಾಗುತ್ತದೆ. ಸೊಂಪಾದ ಗಡ್ಡ ಮೀಸೆ ಇರುವವರಿಗೆ ಮುಖ ಮುಚ್ಚುವುದಕ್ಕಿಂತ ಮೂಗಿನ ಹೊಳ್ಳೆಗೆ ಕೂರುವ ಪುಟ್ಟ ಮಾಸ್ಕ್ ಒಳ್ಳೆಯದು. ಬೆಳಿಗ್ಗೆ ಬಾಯಿ ಒಣಗಿದ್ದರೆ ಬಾಯಿಂದ ಗಾಳಿ ಹೋಗುತ್ತಿದೆ. ಹೊಟ್ಟೆ ಉಬ್ಬರಿಸಿದ್ದರೆ ಗಾಳಿ ನುಂಗುತ್ತಿದ್ದೀರಿ, ಒತ್ತಡ ತಗ್ಗಿಸಬಹುದೇ ಎಂದು ಕೇಳಿ. ತೇವ ಕೊಡುವ ಡಬ್ಬಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರ್‌ವೆಲ್ ನೀರು ಹಾಕಿದರೆ ಬಿಳಿ ಪೊರೆ ಕಟ್ಟುತ್ತದೆ. ಮಾಸ್ಕ್ ಮುಖಕ್ಕೆ ತಾಗುವ ಭಾಗವನ್ನು ದಿನವೂ ಸೌಮ್ಯ ಸೋಪಿನಲ್ಲಿ ತೊಳೆಯಿರಿ, ಫಿಲ್ಟರ್ ಎರಡು ವಾರಕ್ಕೊಮ್ಮೆ ನೋಡಿ. ಕರೆಂಟು ಹೋಗುವ ಊರಾದರೆ ಯುಪಿಎಸ್‌ಗೆ ಜೋಡಿಸಿ, ತೇವದ ಹೀಟರ್ ಆರಿಸಿದರೆ ಬ್ಯಾಟರಿ ಎಷ್ಟೋ ಹೆಚ್ಚು ಹೊತ್ತು ಬರುತ್ತದೆ.

ಮಧ್ಯರಾತ್ರಿ ಮಾಸ್ಕ್ ಕಿತ್ತೆಸೆದು ಮಲಗಿದರೆ, ತೊಂದರೆ ಜಾಸ್ತಿಯಿರುವ ಬೆಳಗಿನ ಜಾವವೇ ಖಾಲಿ ಬಿಟ್ಟಂತಾಯಿತು. ಸಿಪ್ಯಾಪ್ ಹಾಕಿದರೆ ಹೃದಯಾಘಾತ ತಪ್ಪುತ್ತದೆ ಎಂದು ಮಾರುವವರ ಮಾತನ್ನು ಪೂರ್ತಿ ನಂಬಬೇಡಿ. 2016ರಲ್ಲಿ ಹೊರಬಂದ ಸೇವ್ ಎಂಬ ದೊಡ್ಡ ಪ್ರಯೋಗದಲ್ಲಿ ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾಗಲಿಲ್ಲ. ಆದರೆ ಅದರಲ್ಲಿದ್ದವರ ಸರಾಸರಿ ಬಳಕೆ ರಾತ್ರಿಗೆ 3.3 ಗಂಟೆ. ಹಗಲಿನ ತೂಕಡಿಕೆ ಮಾತ್ರ ಅಷ್ಟಕ್ಕೇ ಸುಧಾರಿಸಿತು. ತೂಕ ಶೇಕಡಾ 10 ಇಳಿದರೆ ಎಎಚ್‌ಐ ಸುಮಾರು ಕಾಲು ಭಾಗ ಇಳಿಯುತ್ತದೆ. ನಿಮ್ಮ ಲೆಕ್ಕಕ್ಕೆ 9 ಕಿಲೋ. ತೂಕ ಇಳಿಸುವ ಟಿರ್ಜೆಪಟೈಡ್ ಇಂಜೆಕ್ಷನ್‌ಗೆ ಸ್ಥೂಲಕಾಯವಿರುವ ಆಪ್ನಿಯಾ ರೋಗಿಗಳಲ್ಲಿ ಬಳಸಲು ಅಮೆರಿಕದಲ್ಲಿ 2024ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿದೆ. ಅದು ನಿಮಗೆ ಹೊಂದುತ್ತದೆಯೇ ಎಂಬುದು ಡಾಕ್ಟರ ಜೊತೆಗಿನ ಬೇರೆ ಮಾತು.

ಪರೀಕ್ಷೆಯ ದಿನ ಬರುವವರೆಗೆ ಮಗ್ಗುಲಾಗಿ ಮಲಗಿ, ಕುಡಿತ ಬಿಡಿ. ಹಗಲು ತೂಕಡಿಕೆ ಇದ್ದರೆ ದೂರದ ಊರಿಗೆ ನೀವೇ ಕಾರು ಓಡಿಸಿಕೊಂಡು ಹೋಗಬೇಡಿ. ಯಾವುದಾದರೂ ಆಪರೇಷನ್ ಗೊತ್ತಾಗಿದ್ದರೆ, ಅರಿವಳಿಕೆ ಕೊಡುವ ಡಾಕ್ಟರಿಗೆ ಈ 86ರ ವಿಷಯ ಮೊದಲೇ ತಿಳಿಸಿ.