ಇಂಗ್ಲೆಂಡಿನಲ್ಲಿ ಮನೆಯ ಹಿಂಬದಿಗೆ ಕೋಣೆ ಸೇರಿಸಲು ಯೋಜನಾ ಅನುಮತಿ ಬೇಕೇ?
ಪ್ರತಿ ಬಾರಿಯೂ ಬೇಕಿಲ್ಲ. 1947ರ ಪಟ್ಟಣ ಮತ್ತು ಗ್ರಾಮ ಯೋಜನಾ ಕಾಯ್ದೆಯು ಕಟ್ಟಡ ನಿರ್ಮಾಣಕ್ಕೆ ಅನುಮತಿಯನ್ನು ಕಡ್ಡಾಯಗೊಳಿಸಿತಾದರೂ, ನೆರೆಯವರಿಗೆ ಹೆಚ್ಚು ಬಾಧಕವಾಗದ ಸಣ್ಣ ವಿಸ್ತರಣೆಗಳಿಗೆ ಸರ್ಕಾರವೇ ಸಾಮಾನ್ಯ ಆದೇಶದ ಮೂಲಕ ಮುಂಚಿತವಾಗಿ ಒಪ್ಪಿಗೆ ನೀಡಿದೆ. ಹೀಗಾಗಿ ಒಂದೇ ಅಂತಸ್ತಿನ ಹಿಂಬದಿ ವಿಸ್ತರಣೆಯು, ಎತ್ತರವೇ ಮುಂತಾದ ಮಿತಿಗಳೊಳಗಿದ್ದರೆ, ಬಿಡಿಯಾಗಿ ನಿಂತ ಮನೆಗೆ ಹಿಂದಕ್ಕೆ 4 ಮೀಟರ್, ಪಕ್ಕದ ಮನೆಗೆ ಅಂಟಿಕೊಂಡ ಮನೆಗೆ 3 ಮೀಟರ್‌ವರೆಗೆ ಸಾಮಾನ್ಯವಾಗಿ ಅರ್ಜಿಯಿಲ್ಲದೆ ಸಾಧ್ಯ. ಎಡವುವುದು ಅಳತೆಯಲ್ಲಿ: ಅದನ್ನು ಇಂದಿನ ಗೋಡೆಯಿಂದಲ್ಲ, 1948ರ ಜುಲೈ 1ರಂದು ಇದ್ದ, ಅಥವಾ ಆನಂತರ ಕಟ್ಟಿದ್ದಾದರೆ ಮೊದಲು ಕಟ್ಟಿದಾಗ ಇದ್ದ ಮೂಲ ಮನೆಯ ಗೋಡೆಯಿಂದ ಎಣಿಸಬೇಕು, ಹಿಂದಿನ ಮಾಲೀಕರು ಸೇರಿಸಿದ ಕೋಣೆಯೂ ಲೆಕ್ಕಕ್ಕೆ ಬರುತ್ತದೆ. ಫ್ಲ್ಯಾಟ್‌ಗಳಿಗೆ ಈ ವಿನಾಯಿತಿ ಇಲ್ಲ. ಅನುಮತಿ ಬೇಕಿಲ್ಲದಿದ್ದರೂ ಸ್ಥಳೀಯ ಕೌನ್ಸಿಲ್‌ನಿಂದ ಕಾನೂನುಬದ್ಧತೆಯ ಪ್ರಮಾಣಪತ್ರ ಪಡೆಯುವುದೇ ಒಳ್ಳೆಯದೆಂದು ನನ್ನ ದೃಢ ಅಭಿಪ್ರಾಯ, ಏಕೆಂದರೆ ಮನೆ ಮಾರುವಾಗ ಅದು ಪುರಾವೆಯಾಗುತ್ತದೆ.