ತಳದಲ್ಲಿ ಗಸಿ ಕೂತಿದೆ, ವೈನ್ ಕೆಟ್ಟಿದೆಯಾ?

ಪ್ರಶ್ನೆ: ಸರ್, ನಮ್ಮ ಭಾವ ನಾಲ್ಕು ವರ್ಷದ ಹಿಂದೆ ಇಟಲಿಯಿಂದ 2013ರ ಬರೋಲೊ ವೈನ್ ತಂದುಕೊಟ್ಟಿದ್ದರು. ಬೀರುವಿನಲ್ಲಿ ಮಲಗಿಸಿ ಇಟ್ಟಿದ್ದೆ. ಈಗ ತಳದಲ್ಲಿ ಗಸಿ ಕೂತಿದೆ, ಬಣ್ಣ ಇಟ್ಟಿಗೆ ಥರ ಆಗಿದೆ. ಕೆಟ್ಟುಹೋಯ್ತಾ?
– ಓದುಗರೊಬ್ಬರು, ಸರಸ್ವತಿಪುರಂ, ಮೈಸೂರು

ಉತ್ತರ: ಅಯ್ಯೋ, ಚೆಲ್ಲಿಬಿಡಬೇಡಿ ಸ್ವಾಮಿ! ಹಳೆ ಬರೋಲೊ ಇರುವುದೇ ಹಾಗೆ. ಇಟಲಿಯ ಪಿಯೆಮೊಂಟೆ ಸೀಮೆಯಲ್ಲಿ ನೆಬ್ಬಿಯೊಲೊ ಅನ್ನೋ ಒಂದೇ ತಳಿಯ ದ್ರಾಕ್ಷಿಯಿಂದ ಇದನ್ನು ಮಾಡುತ್ತಾರೆ. ಮಾರುವ ಮೊದಲು ಕನಿಷ್ಠ 38 ತಿಂಗಳು ಮಾಗಿಸಲೇಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ರಿಸೆರ್ವಾ ಅಂತ ಬರೆದಿದ್ದರೆ 62 ತಿಂಗಳು. ಎಳೆಯದಾಗಿದ್ದಾಗ ನೇರಳೆಹಣ್ಣು ತಿಂದ ಹಾಗೆ ನಾಲಿಗೆ ಹಿಡಿಯುವಷ್ಟು ಒಗರು. ಆ ಒಗರೂ ಬಣ್ಣವೂ ವರ್ಷಗಳು ಕಳೆದಂತೆ ಒಂದಕ್ಕೊಂದು ಅಂಟಿಕೊಂಡು ತಳಕ್ಕೆ ಇಳಿಯುತ್ತವೆ, ನೀವು ನೋಡಿದ ಗಸಿ ಅದೇ. ವೈನ್ ಮೆತ್ತಗಾಗುತ್ತದೆ. ಒಣಗಿದ ಗುಲಾಬಿ ವಾಸನೆ, ಜೊತೆಗೆ ಡಾಂಬರಿನದ್ದೂ ಬರುತ್ತದೆ (ಹೌದು, ಡಾಂಬರೇ, ಚೆನ್ನಾಗಿರುತ್ತದೆ!).

ನನಗೆ ಭಯ ಇರುವುದು ಗಸಿಗಲ್ಲ, ನಿಮ್ಮ ಬೀರುವಿಗೆ. ನಮ್ಮ ಏಪ್ರಿಲ್ ಬಿಸಿಲಿಗೆ ಒಳಗೂ ಧಗೆ ಅಲ್ವಾ? ವೈನಿಗೆ 12–14 ಡಿಗ್ರಿ ತಂಪು ಬೇಕು. ಇನ್ನು ಜಾಸ್ತಿ ದಿನ ಕಾಯದೆ ಬಾಟಲಿ ತೆರೆದುಬಿಡಿ. ಹಿಂದಿನ ದಿನ ಬಾಟಲಿ ನೆಟ್ಟಗೆ ನಿಲ್ಲಿಸಿ, ನಿಧಾನಕ್ಕೆ ಬಗ್ಗಿಸಿ. ಹುಳಿ ಹುಳಿ ವಿನೆಗರ್ ವಾಸನೆ ಬಂದರೆ ಮಾತ್ರ ಸಿಂಕಿಗೆ. ಇಲ್ಲದಿದ್ದರೆ ಮಟನ್ ಚಾಪ್ಸ್ ಮಾಡಿಸಿ, ಭಾವನನ್ನೂ ಕರೆಯಿರಿ.